ಭೀಮಕ್ಕನ ಹೊಲಿಗೆ

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿವಿಯಲ್ಲಿ ಹೇಳಿದ ಕೂಡಲೇ ನಮ್ಮ ಬೀದಿಯ ಹೆಂಗಸರು ಒಣಹಾಕಿದ್ದನ್ನು ಎತ್ತಿಡಲು ಓಡುತ್ತಾರೆ. ನಾನು ಮಾತ್ರ ಗಂಡನ ಮುಖ ನೋಡುತ್ತೇನೆ. ಈಗ ಎದ್ದು ಭೀಮಕ್ಕನ ಮನೆಗೆ ಹೊರಡುತ್ತಾರೆ ಎಂದು ಗೊತ್ತು. ಹೊರಟೇ ಬಿಡುತ್ತಾರೆ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ.

ನಮ್ಮನೆಯವರು, ಸಿದ್ದೇಶ್, ಹನ್ನೆರಡು ಚಕ್ರದ ಲಾರಿಯ ಡ್ರೈವರ್. ಸಂತೇಬೆನ್ನೂರಿನಿಂದ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಫಾರಂಗಳಿಗೆ ಹೋಗುತ್ತಾರೆ. ಇಲ್ಲಿ ಜೋಳ ಒಕ್ಕುವ ಹೊತ್ತಿಗೆ ಸರಿಯಾಗಿ ಅಲ್ಲಿ ಚಂಡಮಾರುತ ಏಳುತ್ತದೆ. ನೆನೆದ ಜೋಳವನ್ನು ಯಾರೂ ಇಳಿಸಿಕೊಳ್ಳುವುದಿಲ್ಲ. ಹಾಗಾಗಿ ಲೋಡಿನ ಮೇಲೆ ಹೊದಿಸುವ ತಾಡಪಾಲೇ ಅವರಿಗೆ ದೇವರು, ಆ ದೇವರಿಗೆ ಪೂಜಾರಿ ಭೀಮಕ್ಕ.

ಗೋದಾಮಿನ ಹಿಂದೆ ಅವಳ ಮನೆ. ಅರವತ್ತು ದಾಟಿದ ಹೆಂಗಸು, ಎರಡು ಹಲ್ಲು ಬಿದ್ದಿವೆ. ಇಂಥವಳ ಮೇಲೆ ಹೊಟ್ಟೆಕಿಚ್ಚೇ ಎಂದು ನೀವು ನಗಬಹುದು, ನಗಿ. ಅವಳ ಗಂಡ ನಾಗರಾಜಪ್ಪನೂ ಡ್ರೈವರ್ ಆಗಿದ್ದವನು. ಬಿರುಗಾಳಿಯಲ್ಲಿ ಹರಿದ ತಾಡಪಾಲನ್ನು ಎಳೆದು ಕಟ್ಟಲು ಲೋಡಿನ ಮೇಲೆ ಹತ್ತಿ, ಜಾರಿ ಬಿದ್ದು ಸತ್ತ. ಅಂದಿನಿಂದ ಇಪ್ಪತ್ತೆರಡು ವರ್ಷ ಅವಳು ಊರಿನ ಡ್ರೈವರುಗಳ ತಾಡಪಾಲು ಹೊಲಿಯುತ್ತಾ ಬಂದಿದ್ದಾಳೆ. ಮಳೆಯಲ್ಲಿ ಯಾರೂ ಮೇಲೆ ಹತ್ತುವಂತಾಗಬಾರದು, ಅಷ್ಟೇ ಅವಳ ಹಟ.

ಅವಳು ತೂತು ಹುಡುಕುವ ರೀತಿ ಬೇರೆ. ನಡು ಮಧ್ಯಾಹ್ನ ತಾಡಪಾಲನ್ನು ನಾಲ್ಕು ಗೂಟಕ್ಕೆ ಸೊಂಟದೆತ್ತರ ಕಟ್ಟಿಸಿ, ತಾನು ಅದರಡಿ ತೂರಿ ಕೂರುತ್ತಾಳೆ. ಎಲ್ಲಿ ಬಿಸಿಲು ಚುಕ್ಕಿಯಾಗಿ ಕಾಣುತ್ತದೋ ಅಲ್ಲಿಗೆ ಕೆಳಗಿನಿಂದ ಬೆರಳು ಒತ್ತುತ್ತಾಳೆ. ಇವರು ಮೇಲಿನಿಂದ ಆ ಉಬ್ಬಿನ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಒಂದು ಗಂಟೆ, ಎರಡು ಗಂಟೆ, ಅವಳು ಅಡಿಯಲ್ಲಿ, ಇವರು ಮೇಲೆ, ಇಬ್ಬರದೂ ಹರಟೆ. ಆ ಸೀಮೆಸುಣ್ಣ ನನ್ನ ಹೊಲಿಗೆ ಡಬ್ಬಿಯದು. ನಾನೂ ಟೈಲರ್ ಸ್ವಾಮಿ! ಬಸವಾಪಟ್ಟಣದಿಂದ ಬಸ್ಸು ಹತ್ತಿ ಬಂದು ನನ್ನ ಹತ್ತಿರ ಬ್ಲೌಸು ಹೊಲಿಸಿಕೊಳ್ಳುತ್ತಾರೆ.

ಹೋದ ಕಾರ್ತಿಕದಲ್ಲಿ ದೊಡ್ಡ ಚಂಡಮಾರುತದ ಸುದ್ದಿ ಬಂತು. ಲೋಡು ಮೊದಲೇ ಒಪ್ಪಿಕೊಂಡಾಗಿತ್ತು. ಇವರು ಮೂರು ದಿನ ಲಾರಿಗೇ ಅಂಟಿಕೊಂಡರು. ವೈಪರಿನ ರಬ್ಬರು ಬದಲಾಯಿಸಿದರು, ಸವೆದ ಎರಡು ಟೈರು ಕಳಚಿಸಿದರು, ಬ್ರೇಕು ತೋರಿಸಿದರು. ಗಾಳಿ ಎದ್ದರೆ ಎಲ್ಲೆಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಬಹುದು ಎಂದು ಚೀಟಿಯಲ್ಲಿ ಬರೆದುಕೊಂಡರು. ಎರಡು ದಿನ ದಾರಿಯಲ್ಲೇ ಸಿಕ್ಕಿಬಿದ್ದರೂ ಇರಲಿ ಎಂದು ನಾನು ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟುತ್ತಿದ್ದೆ. ತಡೆಯಲಾರದೆ ಕೇಳಿಯೇ ಬಿಟ್ಟೆ.

"ರೀ, ಈ ಸಲ ತಾಡಪಾಲು ನಾನೇ ಹೊಲಿದುಕೊಡ್ತೀನಿ. ಮನೆಯಾಗೇ ಮಿಷನ್ ಐತಲ್ಲ."

ಅವರು ನಕ್ಕರು. "ನಿನ್ನದು ಬ್ಲೌಸು ಹೊಲಿಯೋ ಕೈ ಮಮತಾ. ಇದು ಜೀವದ ಮಾತು. ಭೀಮಕ್ಕ ಹೊಲಿದ್ರೆ ನಂಗೆ ಧೈರ್ಯ."

ಧೈರ್ಯವಂತೆ! ಹನ್ನೊಂದು ವರ್ಷ ಅವರ ಜೊತೆ ಬಾಳಿದ್ದೇನೆ. ಒಂದು ದಿನವೂ ನನ್ನ ವಿಷಯದಲ್ಲಿ ಆ ಮಾತು ಬರಲಿಲ್ಲ.

ಭೀಮಕ್ಕ ಹೊಲಿದು ಕೊಟ್ಟ ತಾಡಪಾಲು ಮಾರನೇ ದಿನ ನಮ್ಮ ಪಡಸಾಲೆಗೆ ಬಂತು. ಇವರು ಲೋಡಿಂಗ್ ನೋಡಲು ಹೋದಾಗ ಬಿಚ್ಚಿ ನೋಡಿದೆ. ನಡುವೆ ಮೊಳದುದ್ದದ ಒಂದು ತೇಪೆ. ದಬ್ಬಣದಲ್ಲಿ ಹಾಕಿದ ಹೊಲಿಗೆ, ಒಂದೊಂದರ ನಡುವೆ ಅರ್ಧ ಬೆರಳು ಜಾಗ. ಮೇಲೆ ಮೇಣ ಮೆತ್ತಿದ್ದಳು. ಇದಕ್ಕಾ ಇಷ್ಟು ಹೊಗಳಿಕೆ ಎನಿಸಿತು. ಬಾಗಿಲು ಹಾಕಿಕೊಂಡು ಅಷ್ಟೂ ಹೊಲಿಗೆಯನ್ನು ಬಿಚ್ಚಿದೆ. ಮಿಷನ್ನಿಗೆ ದಪ್ಪ ಸೂಜಿ ಹಾಕಿ, ಅದೇ ಬಣ್ಣದ ದಾರದಲ್ಲಿ ಒತ್ತೊತ್ತಾಗಿ ಎರಡು ಸಾಲು ಹೊಲಿದೆ, ಮತ್ತೆ ಮೇಣ ಸವರಿದೆ. ಎಷ್ಟು ಚೆಂದ ಬಂತು! ಅವರು ಸುಖವಾಗಿ ವಾಪಸು ಬಂದ ಮೇಲೆ, ನಿಮ್ಮನ್ನು ಕಾಪಾಡಿದ್ದು ಯಾರ ಹೊಲಿಗೆ ಗೊತ್ತಾ ಎಂದು ಕೇಳಬೇಕು ಎಂದುಕೊಂಡೆ. ಆ ಖುಷಿಯಲ್ಲಿ ಅವತ್ತು ಪಾಯಸ ಮಾಡಿದೆ.

ಅವರು ಹೊರಟ ಮೂರನೇ ದಿನ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂತು. ಅವರದೇ ದನಿ. ಕೃಷ್ಣಗಿರಿ ದಾಟಿದ ಮೇಲೆ ಗಾಳಿ ಎದ್ದಿತ್ತು. ಚೀಟಿಯಲ್ಲಿ ಬರೆದುಕೊಂಡಂತೆ ಬಂಕಿನಲ್ಲೇ ನಿಲ್ಲಿಸಿದ್ದರು. ಆದರೆ ತೇಪೆಯ ಗುಂಟ ತಾಡಪಾಲು ಪರ್ರನೆ ಸೀಳಿತು. ಮೇಲೊಂದು ಪ್ಲಾಸ್ಟಿಕ್ ಹಾಳೆ ಹೊದಿಸಲು ಹತ್ತಿದವರು ಜಾರಿ ಬಿದ್ದರು. ಬಲಗೈ ಮುರಿದಿತ್ತು. ತಲೆಗೆ ಏನೂ ಆಗಿರಲಿಲ್ಲ.

ಕೈಗೆ ಬ್ಯಾಂಡೇಜು ಕಟ್ಟಿಸಿಕೊಂಡು ಬಂದವರು ಮನೆಗೆ ಕಾಲಿಡಲಿಲ್ಲ. ಹರಿದ ತಾಡಪಾಲನ್ನು ಆಟೋದಲ್ಲಿ ಹಾಕಿಸಿಕೊಂಡು ನೇರ ಭೀಮಕ್ಕನ ಮನೆಗೆ ಹೋದರು. ಸುದ್ದಿ ಕೇಳಿ ನಾನೂ ಓಡಿದೆ.

"ನಿನ್ನ ನಂಬಿ ಹೋದ್ನಲ್ಲಕ್ಕ! ಕಣ್ಣು ಮುಚ್ಚಿಕೊಂಡು ಹೊಲಿದ್ಯಾ? ನಾನೂ ನಾಗರಾಜಪ್ಪಣ್ಣನ ಹಂಗೇ ಹೋಗ್ಬೇಕಿತ್ತಾ?" ಅವರು ಕೂಗುತ್ತಿದ್ದರು. ಕೂಗುತ್ತಲೇ ಕಣ್ಣಲ್ಲಿ ನೀರು. ನನ್ನ ಮುಂದೆ ಅವರು ಎಂದೂ ಹಾಗೆ ಅತ್ತವರಲ್ಲ.

ಭೀಮಕ್ಕ ಸೀಳಿದ ಅಂಚನ್ನು ಎತ್ತಿಕೊಂಡಳು. ಸಾಲಾಗಿ, ಒಂದಕ್ಕೊಂದು ತಾಗಿಕೊಂಡಂತೆ ಸಣ್ಣ ಸಣ್ಣ ತೂತುಗಳು. ಒತ್ತೊತ್ತಾಗಿ ಸೂಜಿ ಚುಚ್ಚಿ ನಾನೇ ಅದನ್ನು ಹರಿಯಲು ಹದ ಮಾಡಿದ್ದೆ. ಅವಳು ಬೆರಳಿನಿಂದ ಆ ತೂತುಗಳನ್ನು ಸವರಿದಳು. ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ತಿಳಿಯಿತು.

"ಹೌದು ತಮ್ಮಾ," ಎಂದಳು. "ಕಣ್ಣು ಮಂಜಾಗೈತೆ. ನಂದೇ ತಪ್ಪು."

ಇವರು ಅಲ್ಲೇ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ಹಿಡಿದುಕೊಂಡು, "ಇರ್ಲಿ ಬಿಡಕ್ಕ, ಅಳಬ್ಯಾಡ" ಎಂದರು. ಅವಳು ಅಳುತ್ತಿರಲೇ ಇಲ್ಲ.

ಪಾಪಪ್ರಜ್ಞೆ ಬಂದು ಬಾಯಿಬಿಟ್ಟೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಹೊಲಿಗೆ ನನ್ನದು, ತಪ್ಪು ನನ್ನದು. ಅದಕ್ಕೆ ಸಿಕ್ಕ ಬೈಗುಳ ಅವಳಿಗೆ, ಕಣ್ಣೀರು ಅವಳಿಗೆ, ಕ್ಷಮೆಯೂ ಅವಳಿಗೇ! ನನಗೆ ತಡೆಯಲಾಗಲಿಲ್ಲ.

"ಅವಳಲ್ಲ ಕಣ್ರೀ, ಹೊಲಿದಿದ್ದು ನಾನು," ಎಂದು ಕಿರುಚಿದೆ. "ಅವಳ ಹೊಲಿಗೆ ಬಿಚ್ಚಿ ನಾನು ಹೊಲಿದೆ. ಬೈಯೋದಿದ್ರೆ ನನ್ನನ್ನ ಬೈಯ್ರಿ!"

ಅವರು ನನ್ನನ್ನು ನೋಡಿದರು. ನಾನು ಕಾದೆ, ಹೊಡೆದರೂ ಸರಿ ಎಂದು ಕಾದೆ. ಅವರು ಭೀಮಕ್ಕನ ಕಡೆ ತಿರುಗಿ, "ಇದನ್ನ ಮತ್ತೆ ಸರಿ ಮಾಡಾಕೆ ಎಷ್ಟು ದಿನ ಬೇಕಕ್ಕ?" ಎಂದು ಕೇಳಿದರು.