ಗೋಂದಾಂಟಿಯ ಇಪ್ಪತ್ತನಾಲ್ಕು ಪೆಟ್ಟಿಗೆ

ಅವರ ಬಲಗೈ ಹೆಬ್ಬೆರಳಿನ ಉಗುರೊಂದೇ ಉದ್ದ. ಉಳಿದ ಒಂಬತ್ತನ್ನೂ ಗಂಡಸರ ಹಾಗೆ ಮಟ್ಟಸವಾಗಿ ಕತ್ತರಿಸಿಕೊಳ್ಳುತ್ತಿದ್ದರು. ಆ ಒಂದು ಉಗುರು ಕಾಗದದ ಮಡಿಕೆಯ ಮೇಲೆ ಈ ತುದಿಯಿಂದ ಆ ತುದಿಗೆ ಹೋಗುವಾಗ ‘ಸರ್ರ್’ ಎಂದು ಸಣ್ಣ ಸದ್ದಾಗುತ್ತಿತ್ತು. ಬೆರಳ ತುದಿಗಳಲ್ಲಿ ಯಾವಾಗಲೂ ಒಣಗಿದ ಗೋಂದು. ಮಾತಾಡುತ್ತಲೇ ಅದನ್ನು ಸುಲಿದು, ಸಣ್ಣ ಉಂಡೆ ಮಾಡಿ, ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮಕ್ಕಳು ಅವರನ್ನು ಗೋಂದಾಂಟಿ ಎಂದು ಕರೆದದ್ದು ಅದಕ್ಕೇ. ಅವರ ಜರ್ಮನ್ ಹೆಸರು ನಮ್ಮ ಯಾರ ನಾಲಿಗೆಗೂ ಸರಿಯಾಗಿ ಹೊರಳುತ್ತಿರಲಿಲ್ಲ.

ನಾವಾಗ ದೋಹಾದ ಮದೀನತ್ ಖಲೀಫಾದಲ್ಲಿದ್ದೆವು. ಒಂದೇ ವಿಲ್ಲಾವನ್ನು ಗೋಡೆ ಹಾಕಿ ಪಾಲು ಮಾಡಿ ನಾಲ್ಕು ಸಂಸಾರಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಮೇಲೆ ನಾವು, ನಮ್ಮ ಕೆಳಗೆ ಅವರು. ಅವರ ಗಂಡ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಇಂಜಿನಿಯರು; ವಾರದಲ್ಲಿ ನಾಲ್ಕು ದಿನ ಅಲ್ಲೇ ಇರುತ್ತಿದ್ದರು. ಮಕ್ಕಳಿರಲಿಲ್ಲ. ವಯಸ್ಸು ಅರವತ್ತರ ಹತ್ತಿರ. ಶುಕ್ರವಾರ ಸಂಜೆ ನಾಲ್ಕಾಯಿತೆಂದರೆ ಬಾಗಿಲು ತೆರೆದಿಡುತ್ತಿದ್ದರು, ಕಾಂಪೌಂಡಿನ ಮಕ್ಕಳೆಲ್ಲ ಕತ್ತರಿ ಹಿಡಿದು ಒಳಗೆ ನುಗ್ಗುತ್ತಿದ್ದರು.

ಅವರ ಊಟದ ಮೇಜಿನ ಮೇಲೆ ಊಟ ನಡೆದದ್ದನ್ನು ನಾನು ನೋಡಿಲ್ಲ. ನವೆಂಬರಿನಲ್ಲಿ ಅಲ್ಲಿ ಕಾಗದದ ಲಾಂದ್ರ, ಡಿಸೆಂಬರಿನಲ್ಲಿ ಮೈತುಂಬ ಲವಂಗ ಚುಚ್ಚಿದ ಕಿತ್ತಳೆ, ಏಪ್ರಿಲಿನಲ್ಲಿ ಈಸ್ಟರ್ ಹಬ್ಬಕ್ಕೆ ಬಣ್ಣ ಬಳಿದ ಮೊಟ್ಟೆಚಿಪ್ಪು. ತೂತು ಮಾಡಿ ಊದಿ ಹೊರಗೆ ತೆಗೆದ ಮೊಟ್ಟೆಯ ಒಳಗಿನದೆಲ್ಲ ವಾಚ್‌ಮನ್‌ನ ಆಮ್ಲೆಟ್ಟಾಗುತ್ತಿತ್ತು. ಅವನಿಗೆ ಆ ಹಬ್ಬ ಯಾವುದೆಂದು ಗೊತ್ತಿರಲಿಲ್ಲ, ಆದರೆ ಬರುವುದನ್ನು ಕಾಯುತ್ತಿದ್ದ.

ನನ್ನ ಮಗಳು ಶಾಲೆಗೆ ಸೇರಿದ ದಿನ ಅವರು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಕೈಯಲ್ಲಿ ಮಗುವಿನ ಎದೆಯವರೆಗೆ ಬರುವಷ್ಟು ದೊಡ್ಡ ಕಾಗದದ ಶಂಕು, ಬಾಯಿಗೆ ರಿಬ್ಬನ್. ಒಳಗೆ ಪೆನ್ಸಿಲು, ಚಾಕಲೇಟು, ಒಂದು ಪುಟ್ಟ ಟವೆಲು. ಅವರ ಊರಿನಲ್ಲಿ ಮೊದಲ ದಿನ ಶಾಲೆಗೆ ಹೋಗುವ ಮಗುವಿಗೆ ಹೀಗೆ ಕೊಡುತ್ತಾರಂತೆ.

ನನ್ನ ಗಂಡ ನೋಡಿ, “ಇದೆಂತ ಮಾರಾಯ್ತಿ, ಆನೆಗೆ ಕಡ್ಲೆ ಪೊಟ್ಟಣವಾ?” ಎಂದು ತುಳುವಿನಲ್ಲಿ ಹೇಳಿ ಮೆಲ್ಲಗೆ ನಕ್ಕರು. ಮಗಳು ಅದನ್ನು ತಬ್ಬಿಕೊಂಡೇ ಬಸ್ ಹತ್ತಿದಳು. ಉಳಿದ ಮಕ್ಕಳೆಲ್ಲ ಅಳುತ್ತಿದ್ದರು, ಅವಳು ಅಳಲಿಲ್ಲ.

ಅವರು ಮಕ್ಕಳಿಗೆ ಕಲಿಸಿದ್ದರಲ್ಲಿ ಕಷ್ಟದ್ದು ನಕ್ಷತ್ರ. ನಾಲ್ಕು ಉದ್ದ ಕಾಗದದ ಪಟ್ಟಿಗಳನ್ನು ಚಾಪೆಯ ಹಾಗೆ ಒಂದರೊಳಗೊಂದು ಹೆಣೆದು, ಮಡಿಸಿ, ತಿರುಚಿ, ಕೊನೆಗೆ ತುದಿಗಳನ್ನು ಒಳಗೆ ತೂರಿಸಬೇಕು. ಗೋಂದಾಂಟಿಯೇ ಮಾಡಿದರೂ ಅದಕ್ಕೆ ಗೋಂದು ಬೇಡ. ಎಲ್ಲವನ್ನೂ ತೋರಿಸಿಕೊಟ್ಟು ಕೊನೆಯ ಮಡಿಕೆಗೆ ಬಂದಾಗ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. ಅದನ್ನು ಮಗುವೇ ಮಾಡಬೇಕು. ಮಾಡಿದ ಮೇಲೆ ಎರಡೂ ಅಂಗೈಯನ್ನು ಮೇಜಿಗೆ ತಟ್ಟಿ “ಸೋ!” ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅದು ‘ಆಯ್ತು ನೋಡು’ ಎಂದ ಹಾಗೆ.

ಒಮ್ಮೆ ನಾನು ಒಲೆಯ ಮೇಲೆ ಅನ್ನ ಇಟ್ಟು ಮಗಳನ್ನು ಕರೆಯಲು ಕೆಳಗೆ ಹೋಗಿದ್ದೆ. ಅವಳು ಕೊನೆಯ ತುದಿಯ ಜೊತೆ ಗುದ್ದಾಡುತ್ತಾ ಕೂತಿದ್ದಳು. “ಯಲ್ಲಾ, ಬೇಗ!” ಎಂದು ನಾನೇ ಕಿತ್ತುಕೊಂಡು ಒಳಗೆ ತೂರಿಸಿಬಿಟ್ಟೆ. ಅವರು ನಕ್ಷತ್ರ ತೆಗೆದುಕೊಂಡು, ನಾನು ಹಾಕಿದ ಮಡಿಕೆಯನ್ನು ಬಿಚ್ಚಿ, ಉಗುರಿನಿಂದ ನೇರ ಮಾಡಿ ಮಗಳ ಕೈಗೆ ವಾಪಸ್ ಕೊಟ್ಟರು. ನನ್ನ ಕಡೆ ತಿರುಗಿ, “ನೀವು ಮುಗಿಸಿದರೆ ಅದು ನಿಮ್ಮ ನಕ್ಷತ್ರ. ಅವಳ ಕೈಯಲ್ಲಿ ಏನು ಉಳಿಯಿತು?” ಎಂದರು. ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಕನ್ನಡದಲ್ಲಿ. ಆ ದಿನ ನಮ್ಮ ಅನ್ನ ತಳ ಹಿಡಿಯಿತು, ನನಗೆ ಕೋಪವೂ ಬಂತು.

ಎರಡು ವರ್ಷ ಕಳೆಯುವಾಗ ಕಾಂಪೌಂಡಿನ ಮಕ್ಕಳು ಒಬ್ಬೊಬ್ಬರಾಗಿ ಖಾಲಿಯಾದರು. ಕೆಲವರ ಅಪ್ಪಂದಿರಿಗೆ ಕೆಲಸ ಬದಲಾಯಿತು, ಕೆಲವರು ಊರಿಗೆ ಹೋದರು. ಶುಕ್ರವಾರಕ್ಕೆ ಉಳಿದವಳು ನನ್ನ ಮಗಳೊಬ್ಬಳೇ. ಆ ನವೆಂಬರಿನಲ್ಲಿ ಅವರು ನನ್ನನ್ನು ಕರೆದು ಖಾಲಿ ಬೆಂಕಿಪೆಟ್ಟಿಗೆ ಬೇಕು, ಇಪ್ಪತ್ತನಾಲ್ಕು ಬೇಕು ಎಂದರು. ಎಲ್ಲರ ಮನೆಯಲ್ಲೂ ಲೈಟರ್. ಖಾಲಿ ಪೆಟ್ಟಿಗೆಯನ್ನು ಎಲ್ಲಿಂದ ತರುವುದು? ಮೂಲೆಯ ಬಕಾಲೆಯಲ್ಲಿ, ಅಂದರೆ ಸಣ್ಣ ದಿನಸಿ ಅಂಗಡಿಯಲ್ಲಿ, ನಮ್ಮ ಮಂಗಳೂರು ಕಡೆಯ ಬ್ಯಾರಿ ಕಾಕ ಇದ್ದರು. ಎರಡು ಡಜನ್ ಕೇಳಿದ್ದಕ್ಕೆ ಕನ್ನಡಕದ ಮೇಲಿಂದ ನೋಡಿ, “ಎಂತ ಅಕ್ಕ, ಮುದೀರನ ಮನೆಗೆ ಬೆಂಕಿ ಕೊಡ್ಲಿಕ್ಕುಂಟಾ?” ಎಂದರು. ಮುದೀರ ಎಂದರೆ ನನ್ನ ಗಂಡನ ಮ್ಯಾನೇಜರು. ಹಾಗೆ ಮಾಡುವುದಿದ್ದರೆ ನಾಲ್ಕು ಡಜನ್ ಒಯ್ಯುತ್ತಿದ್ದೆ ಎಂದೆ.

ಗೋಂದಾಂಟಿ ಕಡ್ಡಿಗಳನ್ನೆಲ್ಲ ಒಂದು ಡಬ್ಬಿಗೆ ಸುರಿದು ನನಗೇ ಕೊಟ್ಟರು. ಹತ್ತು ದಿನ ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ನವೆಂಬರ್ ಕೊನೆಯ ಸಂಜೆ ಮೆಟ್ಟಿಲು ಹತ್ತಿ ಬಂದಾಗ ಅವರಿಗೆ ಏದುಸಿರು. ಮಧ್ಯದಲ್ಲಿ ಒಂದು ಕಡೆ ಕೂತು ಬಂದರು. ಕೈಯಲ್ಲಿ ಒಂದು ಹಲಗೆ, ಅದರ ಮೇಲೆ ಬಣ್ಣದ ಕಾಗದ ಸುತ್ತಿದ ಇಪ್ಪತ್ತನಾಲ್ಕು ಪೆಟ್ಟಿಗೆ, ಒಂದೊಂದಕ್ಕೂ ಒಂದೊಂದು ಸಂಖ್ಯೆ. ಡಿಸೆಂಬರ್ ಒಂದರಿಂದ ಕ್ರಿಸ್‌ಮಸ್ಸಿನ ಹಿಂದಿನ ದಿನದವರೆಗೆ ದಿನಕ್ಕೊಂದರಂತೆ ತೆರೆಯಬೇಕು, ಒಂದು ದಿನ ಕೂಡ ಮುಂದೆ ಹಾರಬಾರದು.

“ಒಳಗಿರುವ ಮಿಠಾಯಿ ಸುಮ್ಮನೆ ನೆಪ” ಎಂದು ನನಗೆ ಹೇಳಿದರು. “ನಾಳೆ ಒಂದು ಇದೆ ಎಂದು ಮಗುವಿಗೆ ಗೊತ್ತಿರಬೇಕು, ಅಷ್ಟೇ.”

ಮಗಳು ಎದ್ದವಳೇ ಹಲ್ಲುಜ್ಜದೆ ಗೋಡೆಗೆ ತೂಗುಹಾಕಿದ ಹಲಗೆಯ ಮುಂದೆ ನಿಲ್ಲತೊಡಗಿದಳು. ಒಂದು ದಿನ ಚಾಕಲೇಟು, ಒಂದು ದಿನ ಬಣ್ಣದ ಗುಂಡಿ, ಒಂದು ದಿನ ಬೆರಳುದ್ದದ ಲಾಂದ್ರ. ಒಂಬತ್ತನೆಯ ದಿನ ಬಂಗಾರದ ಬಣ್ಣ ಬಳಿದ ಅಕ್ರೋಟು ಸಿಕ್ಕಿತು. ಅದನ್ನು ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋದಳು. ಆ ದಿನ ಹತ್ತು ಗಂಟೆಗೆ ಗೋಂದಾಂಟಿ ಅಡುಗೆಮನೆಯಲ್ಲಿ ಕುಸಿದುಬಿದ್ದರು. ಗಂಡ ಮನೆಯಲ್ಲೇ ಇದ್ದರು, ಆಂಬ್ಯುಲೆನ್ಸ್ ಬಂತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಹೃದಯ ಮೊದಲೇ ಕೆಟ್ಟಿತ್ತಂತೆ, ನಮಗೆ ಯಾರಿಗೂ ಹೇಳಿರಲಿಲ್ಲ.

“ಮಗುವಿಗೆ ಎಂತ ಹೇಳುದು?” ಎಂದು ನಾನು ಗಂಡನನ್ನು ಕೇಳಿದೆ.

“ಊರಿಗೆ ಹೋದ್ರು ಅಂತ ಹೇಳು. ಸುಳ್ಳೂ ಅಲ್ಲ, ಶವದ ಪೆಟ್ಟಿಗೆ ಜರ್ಮನಿಗೇ ಹೋಗುದು” ಎಂದು ಅವರು ಮುಖ ತಿರುಗಿಸಿಕೊಂಡರು.

ಹಾಗೆಯೇ ಹೇಳಿದೆ. ಮರುದಿನ ಬೆಳಿಗ್ಗೆ ನಾನು ದೋಸೆ ಎರೆಯುತ್ತಿದ್ದಾಗ ಮಗಳು ಹತ್ತನೆಯ ಪೆಟ್ಟಿಗೆಯನ್ನು ತೆರೆದು ಕುಣಿಯುತ್ತಾ ಒಳಗೆ ಬಂದಳು. “ಅಮ್ಮಾ, ಆಂಟಿ ಊರಿಗೆ ಹೋಗ್ಲೇ ಇಲ್ಲ! ಕರೀತಾ ಇದ್ದಾರೆ!” ಅವಳ ಕೈಯಲ್ಲಿ ನಾಲ್ಕಾಗಿ ಮಡಿಸಿದ ಚೀಟಿ, ಮಡಿಕೆ ಬ್ಲೇಡಿನಷ್ಟು ಚೂಪು. ಅದರಲ್ಲಿ ಇಂಗ್ಲಿಷಿನಲ್ಲಿ ಅವರ ದುಂಡಗಿನ ಅಕ್ಷರ: ‘ಇವತ್ತು ನಾಲ್ಕು ಗಂಟೆಗೆ ಕೆಳಗೆ ಬಾ. ಕತ್ತರಿ ತಾ. ನಾನು ಕಾಯುತ್ತಿರುತ್ತೇನೆ.’

ಕಾವಲಿಯ ಮೇಲಿನ ದೋಸೆ ಕರಕಲಾಯಿತು. ಚೀಟಿ ಬರೆದದ್ದು ಹದಿನೈದು ದಿನದ ಹಿಂದೆ ಎಂದು ನನ್ನ ಬುದ್ಧಿಗೆ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ನಾಲ್ಕು ಗಂಟೆಗೆ ನಾನು ಬಟ್ಟೆ ತೆಗೆಯಲು ಟೆರೇಸಿಗೆ ಹೋಗಿ ಬರುವಷ್ಟರಲ್ಲಿ ಮಗಳು ಇಳಿದುಹೋಗಿದ್ದಳು. ಬೀಗ ಹಾಕಿದ ಬಾಗಿಲನ್ನು ಸಣ್ಣ ಮುಷ್ಟಿಯಿಂದ ತಟ್ಟುತ್ತಾ, ಕಿವಿ ಇಟ್ಟು ಆಲಿಸುತ್ತಾ ನಿಂತಿದ್ದಳು. ಮೆಟ್ಟಿಲ ತುಂಬ ಲವಂಗ, ಕಿತ್ತಳೆಯ ವಾಸನೆ.

“ಶ್, ಒಳಗೆ ಸೌಂಡ್ ಬರ್ತಾ ಉಂಟು” ಎಂದಳು. “ಪೇಪರ್ ಮಡಿಸ್ತಾ ಇದ್ದಾರೆ.”

ನನಗೂ ಕೇಳಿಸಿತು. ಎ.ಸಿ.ಯೋ, ಗಾಳಿಗೆ ಹಾರುವ ಕರ್ಟನ್ನೋ, ಏನೋ. ಆದರೆ ಕೇಳಿದ್ದು ‘ಸರ್ರ್’ ಎಂದೇ. ಮಗಳನ್ನು ಎತ್ತಿಕೊಂಡು ಮೇಲೆ ಓಡಿದೆ.

ಫೋನ್ ಕಾರ್ಡ್ ಹಾಕಿ ಊರಿನಲ್ಲಿದ್ದ ಅತ್ತೆಗೆ ಹೇಳಿದೆ. ಸತ್ತವರು ಕರೆದರೆ ಓಗೊಡಬಾರದು, ಆ ವಸ್ತುವನ್ನು ಮಗುವಿನ ಕಣ್ಣಿಂದ ದೂರ ಮಾಡು ಎಂದರು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ತೀರಿಹೋದ ಹಿರಿಯರಿಗೆ ಬಾಳೆಲೆ ಹಾಕಿ, ಮೀನು ಕೋಳಿ ಬಡಿಸಿ, ಬಂದು ಉಣ್ಣಲಿ ಎಂದು ಬಾಗಿಲು ಎಳೆದು ಹೊರಗೆ ಕಾಯುವ ಜನ ನಾವು. ನಮ್ಮ ಸತ್ತವರು ಮನೆಯೊಳಗೆ ಬರಬಹುದು, ಪಾಪದ ಆ ಹೆಂಗಸು ಮಗುವಿಗೆ ಒಂದು ಮಿಠಾಯಿ ಕೊಡಬಾರದು! ಬಿಸಾಡುವ ಧೈರ್ಯವೂ ನನಗಿರಲಿಲ್ಲ. ಹಲಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ, ಸೂಟ್‌ಕೇಸಿಗೆ ಹಾಕಿ, ಕಪಾಟಿನ ತಲೆಯ ಮೇಲೆ ತಳ್ಳಿದೆ.

ಬೆಳಿಗ್ಗೆ ಗೋಡೆ ಖಾಲಿ. ಮಗಳು ಕೇಳಿದಳು, “ನನ್ನ ಬಾಕ್ಸ್ ಎಲ್ಲಿ?”

“ಖಲಾಸ್” ಎಂದೆ. “ಆಂಟಿ ಊರಿಗೆ ಹೋಗುವಾಗ ವಾಪಸ್ ತಗೊಂಡು ಹೋದ್ರು.”

ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಅದು. ಸುಳ್ಳು ಹೇಳಿದ್ದಕ್ಕಿಂತ, ಯಾರ ಮೇಲೆ ಹೇಳಿದೆ ಎನ್ನುವುದು ಇಂದಿಗೂ ನನ್ನನ್ನು ಸುಡುತ್ತದೆ. ಮಗಳು ಅಳಲಿಲ್ಲ. ಜೇಬಿನಲ್ಲಿದ್ದ ಬಂಗಾರದ ಅಕ್ರೋಟನ್ನು ತಂದು ಕಸದ ಬುಟ್ಟಿಗೆ ಹಾಕಿದಳು. ಆಮೇಲೆ ಕತ್ತರಿ ಮುಟ್ಟಲಿಲ್ಲ. ಶಾಲೆಯಲ್ಲಿ ಕ್ರಾಫ್ಟ್ ಪೀರಿಯಡ್ ಎಂದರೆ ಹೊಟ್ಟೆನೋವು ಎನ್ನುತ್ತಿದ್ದಳು. ಯಾರಾದರೂ ಗೋಂದಾಂಟಿಯ ಸುದ್ದಿ ಎತ್ತಿದರೆ, “ಅವ್ರು ಕೊಟ್ಟದ್ದನ್ನ ತಗೊಂಡು ಹೋಗ್ತಾರೆ” ಎಂದು ಎದ್ದುಹೋಗುತ್ತಿದ್ದಳು. ದೊಡ್ಡವಳಾದಾಗ ಅವರು ತೀರಿಹೋದ ಸುದ್ದಿ ಹೇಗೋ ತಿಳಿಯಿತು, ಆದರೆ ಯಾವಾಗ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ನಿಜ ಹೇಳುವ ಸಂದರ್ಭ ನೂರು ಸಲ ಬಂದಿತ್ತು. ಸತ್ತವರಿಗೆ ಹೆದರಿ ಶುರುವಾದದ್ದು ಮಗಳಿಗೆ ಹೆದರುವಲ್ಲಿಗೆ ಬಂದು ನಿಂತಿತ್ತು.

ಹದಿನೈದು ವರ್ಷದ ಮೇಲೆ ನಾವು ದೋಹಾ ಬಿಡುವಾಗ ಸಾಮಾನು ಕಟ್ಟಲು ಅವಳೂ ಬಂದಿದ್ದಳು. ಸೂಟ್‌ಕೇಸನ್ನು ಕೆಳಗಿಳಿಸಿ, ಸೀರೆ ಬಿಚ್ಚಿದವಳು ಅವಳೇ. ನಾನು ಬಾಗಿಲಲ್ಲಿ ನಿಂತು ನೋಡಿದೆ. ಹತ್ತರವರೆಗೆ ಖಾಲಿ. ಹನ್ನೊಂದರಿಂದ ಒಂದೊಂದಾಗಿ, ಸಂಖ್ಯೆ ತಪ್ಪಿಸದೆ ತೆರೆಯುತ್ತಾ ಹೋದಳು. ಚಾಕಲೇಟು ಬೂದಿಯಾಗಿತ್ತು. ಗುಂಡಿಗಳು, ಗರಿ, ಇನ್ನೆರಡು ಚೀಟಿ ಇದ್ದವು.

ಇಪ್ಪತ್ತನಾಲ್ಕನೆಯದರಲ್ಲಿ ಒಂದು ರೂಪಾಯಿ ಅಗಲದ ಬಂಗಾರದ ಕಾಗದದ ನಕ್ಷತ್ರ. ಎಲ್ಲ ಮೊನೆಗಳೂ ಕೂತಿದ್ದವು, ಒಂದರ ಹೊರತು. ಅದರ ಪಟ್ಟಿಯನ್ನು ಮಡಿಸದೆ ಸುಮ್ಮನೆ ಬಿಟ್ಟಿದ್ದರು.

ಮಗಳು ಅದನ್ನು ಅಂಗೈಯಲ್ಲಿಟ್ಟುಕೊಂಡು ನನ್ನನ್ನು ನೋಡಿದಳು. “ಹಾಗಾದ್ರೆ ಆಂಟಿ ತಗೊಂಡು ಹೋಗ್ಲಿಲ್ವಾ ಅಮ್ಮ?”

ಎಲ್ಲವನ್ನೂ ಹೇಳಿದೆ. ಒಂಬತ್ತನೆಯ ತಾರೀಕು, ಚೀಟಿ, ಬೀಗ ಹಾಕಿದ ಬಾಗಿಲು, ನನ್ನ ಹೆದರಿಕೆ. ಹೇಳಿ ಮುಗಿಸಿದ ಮೇಲೆ ಅವಳು ನೆಲದ ಮೇಲೆ ಕೂತು ನಕ್ಷತ್ರ ತಿರುಗಿಸಿದಳು. ನಾಲಿಗೆಯ ತುದಿ ಕಚ್ಚಿಕೊಂಡು, ಯಾರನ್ನೂ ಕೇಳದೆ, ಆ ಪಟ್ಟಿಯನ್ನು ಹಿಂದಕ್ಕೆ ಎಳೆದು, ಅಡ್ಡ ತಿರುಚಿದಳು. ಬೆರಳು ಮರೆತಿರಲಿಲ್ಲ. ಹೆಬ್ಬೆರಳಿನ ಉಗುರನ್ನು ಮಡಿಕೆಯ ಮೇಲೆ ಒತ್ತಿ ಎಳೆದಳು. ‘ಸರ್ರ್’ ಎಂದಿತು. ಅಷ್ಟು ವರ್ಷ ಒಣಗಿದ ಕಾಗದ ಆ ಗೆರೆಯಲ್ಲೇ ಮುರಿದು, ತುದಿ ಅವಳ ಮಡಿಲಿಗೆ ಬಿತ್ತು.

“ಟ್ವೆಲ್ವ್ ಇಯರ್ಸ್ ಓಲ್ಡ್ ಆಗುವವರೆಗೆ ನಾನು ಅವರಿಗೆ ಬಯ್ತಾ ಇದ್ದೆ, ಗೊತ್ತುಂಟಾ ನಿಂಗೆ? ಮಲಗುವ ಮೊದಲು. ಪ್ರೇಯರ್ ಹಾಗೆ” ಎಂದಳು. ದನಿ ಏರಲಿಲ್ಲ. ಬಿದ್ದ ತುದಿಯನ್ನು ಹೆಕ್ಕಿ, ನಕ್ಷತ್ರದ ಜೊತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಳು. ಎರಡೂ ಅಂಗೈಯನ್ನು ನೆಲಕ್ಕೆ ತಟ್ಟಿ ಎದ್ದಳು. “ಸೋ” ಎನ್ನಲು ಬಾಯಿ ತೆರೆದದ್ದನ್ನು ನಾನು ಕಂಡೆ. ಅನ್ನಲಿಲ್ಲ.

ಆ ಪೆಟ್ಟಿಗೆಯನ್ನು ಅವಳು ತನ್ನ ಜೊತೆ ಒಯ್ದಳು. ನನಗೆ ಉಳಿದದ್ದು ಬೆಂಕಿಕಡ್ಡಿಯ ಡಬ್ಬಿ. ಊರಿಗೆ ಬಂದ ಮೇಲೆ ಪ್ರತಿ ಡಿಸೆಂಬರ್ ಒಂಬತ್ತಕ್ಕೆ ಒಂದು ಬಾಳೆಲೆ ಹಾಕಿ, ಅನ್ನದ ಪಕ್ಕದಲ್ಲಿ ಒಂದು ಚಾಕಲೇಟು, ಒಂದು ಕತ್ತರಿ ಇಟ್ಟು, ಆ ಕಡ್ಡಿಯಿಂದಲೇ ದೀಪ ಹಚ್ಚುತ್ತೇನೆ. ಬಾಗಿಲು ಎಳೆದು ಹೊರಗೆ ನಿಂತು, ಒಳಗೆ ಕಾಗದದ ಸದ್ದು ಕೇಳುತ್ತದೆಯೋ ಎಂದು ಕಿವಿ ಇಡುತ್ತೇನೆ. ಈವರೆಗೆ ಕೇಳಿಸಿಲ್ಲ.