ಬಾಡಿಗೆದಾರರ ಹಾಳೆಯಲ್ಲಿ ನಾನು ಬರೆಯದೆ ಬಿಟ್ಟ ಸಾಲು

ಹಾಸನದ ಕೋರ್ಟಿನ ಎದುರು ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದವರಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ತೊಂಬತ್ತರ ದಶಕ ಪೂರ್ತಿ, ಅದರ ಮೇಲೆ ಇನ್ನೂ ಕೆಲವು ವರ್ಷ, ವಕೀಲರು ಗೀಚಿ ಕೊಟ್ಟಿದ್ದನ್ನೆಲ್ಲ ಕುಟ್ಟಿದೆ. ಮನೆ ಖಾಲಿ ಮಾಡಿಸುವ ಅರ್ಜಿಗಳದ್ದೇ ದೊಡ್ಡ ಪಾಲು. "ಸದರಿ ಮನೆಯು ಅರ್ಜಿದಾರರ ಸ್ವಂತ ವಾಸಕ್ಕೆ ಅತ್ಯಗತ್ಯವಾಗಿ ಬೇಕಾಗಿದೆ" ಅನ್ನುವ ಸಾಲನ್ನಂತೂ ಬೆರಳುಗಳು ನನ್ನನ್ನು ಕೇಳದೆಯೇ ಹೊಡೆದು ಮುಗಿಸುತ್ತಿದ್ದವು. ಊರಲ್ಲಿ ಮೂರು ಮನೆ ಇದ್ದವನಿಗೂ ಸ್ವಂತ ವಾಸಕ್ಕೆ ಬೇಕು. ಇನ್ನೂ ಹೆಣ್ಣು ನೋಡದ ಮಗನ ಸಂಸಾರಕ್ಕೂ ಬೇಕು. ಟೈಪ್ ಮಾಡುವವಳು ನಗಬಾರದು, ಪುಟದ ಲೆಕ್ಕದಲ್ಲಿ ಕೂಲಿ ತೆಗೆದುಕೊಂಡು ಸುಮ್ಮನಿರಬೇಕು.

ಸುಮ್ಮನಿದ್ದೆ. ಅದಕ್ಕೇ ಈಗ ಬರೆಯುವಾಗ ಮೊದಲು ನನ್ನ ಮೇಲೇ ಸಿಟ್ಟು ಬರುತ್ತದೆ.

ಸೋತ ಬಾಡಿಗೆದಾರರು ಹೊಂಗೆ ಮರದ ಕೆಳಗೆ ನಿಂತು ನನ್ನನ್ನು ಕೇಳುತ್ತಿದ್ದರು, ಏನಾಯಿತು ಅಂತ. ಒಳಗೆ ತಮ್ಮದೇ ಮನೆಯ ಮಾತು ಮುಗಿದುಹೋಗಿತ್ತು, ಅವರಿಗೆ ಗೊತ್ತಿಲ್ಲ. ಹೆಚ್ಚಿನವರು ವಾಯಿದೆಯ ದಿನ, ಅಂದರೆ ಕೇಸು ಕರೆಯುವ ದಿನ, ಬಂದೇ ಇರುತ್ತಿರಲಿಲ್ಲ. ಬಂದವರು ಚಪ್ಪಲಿ ಬಿಟ್ಟು ಬಾಗಿಲ ಹೊರಗೇ ನಿಂತಿರುತ್ತಿದ್ದರು, ಒಳಗೆ ಕರೆಯುವ ತನಕ ಹೋಗಬಾರದು ಅಂತ. ಒಳಗಿನವರು ಹೆಸರು ಕೂಗಿ ಯಾರೂ ಇಲ್ಲ ಅಂತ ಬರೆದುಕೊಂಡು ಮುಂದಿನ ಫೈಲು ತೆಗೆದಿರುತ್ತಿದ್ದರು.

ನನ್ನ ಕೈಲಿ ಟೈಪ್ ಮಾಡಿಸುತ್ತಿದ್ದ ಒಬ್ಬ ಹಿರಿಯ ವಕೀಲರಿಗೆ ಒಂದು ದಿನ ಅದೇನು ಅನ್ನಿಸಿತೋ. "ಬಾಡಿಗೆದಾರರಿಗೆ ಅಂತ ಒಂದು ಹಾಳೆ ಮಾಡೋಣಮ್ಮ. ಕೋರ್ಟಿಗೆ ಬರೋ ಮುಂಚೆ ಏನೇನು ಮಾಡಬೇಕು ಅಂತ. ನಾನು ಬರೆದುಕೊಡ್ತೀನಿ, ನೀನು ಹೊಡೆದುಕೊಡು" ಅಂದರು. ಬರೆದೂ ಕೊಟ್ಟರು. "ಎದುರುದಾರರು ನಿಗದಿತ ದಿನಾಂಕದಂದು ಸಮಸ್ತ ದಾಖಲಾತಿಗಳೊಡನೆ ಖುದ್ದು ಹಾಜರಾಗತಕ್ಕದ್ದು." ನಾನು ಅದನ್ನು ಅಂದವಾಗಿ ಟೈಪ್ ಮಾಡಿದೆ, ಮೇಲೆ ಅಡಿಗೆರೆ ಹಾಕಿದ ತಲೆಬರಹ, ಎಡಕ್ಕೆ ಅಂಚು, ಕೆಳಗೆ ಕ್ರಮಸಂಖ್ಯೆ. ನೂರು ಪ್ರತಿ ಮಾಡಿಸಿಕೊಂಡು ಅರಕಲಗೂಡಿಗೆ ಹೋದೆವು. ಅಲ್ಲಿ ಒಂದೇ ಮಾಲೀಕರ ಸಾಲುಮನೆಗಳಲ್ಲಿ ಎಲ್ಲರಿಗೂ ನೋಟೀಸು ಬಂದಿತ್ತು.

ಮೊದಲ ಮನೆಯ ಮುಂದೆ ಬೋಂಡಾ ಕರಿಯುತ್ತಿದ್ದ ಹೆಂಗಸು ನನ್ನ ಕೈಯಲ್ಲಿದ್ದ ಹಾಳೆ ನೋಡಿ ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಳು.

"ನಾವ್ ಯಾವ್ದುಕ್ಕೂ ಸೈನ್ ಆಕಕ್ಕಿಲ್ಲ ಕಣವ್ವ. ನಮ್ಮನೆಯೋರು ಊರಾಗಿಲ್ಲ."

"ಸೈನ್ ಬೇಡ. ಇದು ನಿಮಗೇ ಅನುಕೂಲ ಆಗಲಿ ಅಂತ."

"ಅಮೀನಪ್ಪನೂ ಅಂಗೇ ಅಂದಿದ್ದ."

ನಮ್ಮ ಕಡೆ ಒಂದು ನಂಬಿಕೆ ಇದೆ. ಕೋರ್ಟಿನ ನೋಟೀಸು ಮುಟ್ಟಿಸುವ ಅಮೀನ ತಂದ ಕಾಗದ ಮುಟ್ಟದಿದ್ದರೆ ಕೇಸು ನಮ್ಮ ಮನೆಗೆ ಬಂದ ಹಾಗಲ್ಲ. ಅಮೀನ ಅದನ್ನು ಬಾಗಿಲಿಗೆ ಅಂಟಿಸಿ ಹೋಗುತ್ತಾನೆ, ಕೋರ್ಟಿನ ಲೆಕ್ಕದಲ್ಲಿ ಮುಟ್ಟಿಸಿದ ಹಾಗೇ ಆಯಿತು. ಹಾಗೆ ಮಾಡಬೇಡಿ ಅಂತ ಹೇಳಲು ನಾನು ಮಾಡಿದ ಹಾಳೆಯೇ ನೋಡಲು ಥೇಟ್ ಸಮನ್ಸಿನ ಹಾಗಿತ್ತು. ನೂರು ಪ್ರತಿಯಲ್ಲಿ ಒಂಬತ್ತು ಖರ್ಚಾದವು, ಅದರಲ್ಲಿ ಎರಡರಲ್ಲಿ ಬೋಂಡಾ ಕಟ್ಟಿದ್ದನ್ನು ಕಣ್ಣಾರೆ ನೋಡಿದೆ. ಬಸ್ಸು ಹತ್ತಿದಾಗ ಅವರ ಮೇಲೆ ಮೈಯುರಿಯುತ್ತಿತ್ತು. ಹಾಸನ ಬರುವ ಹೊತ್ತಿಗೆ ಆ ಉರಿ ನನ್ನ ಕಡೆ ತಿರುಗಿತ್ತು. ಹತ್ತು ವರ್ಷ ಹೆದರಿಸುವ ಕಾಗದ ಟೈಪ್ ಮಾಡಿದವಳ ಕೈಯಿಂದ ಬೇರೆ ಥರದ ಕಾಗದ ಹೇಗೆ ಬಂದೀತು?

ಎರಡನೆಯ ಹಾಳೆಯನ್ನು ಹೊಳೇನರಸೀಪುರದಲ್ಲಿ ಮಾಡಿದೆ, ಚಿಕ್ಕಮ್ಮನ ಜಗಲಿಯ ಮೇಲೆ. ಚಿಕ್ಕಮ್ಮ ಅಂದರೆ ನಮ್ಮಮ್ಮನ ತಂಗಿ. ಗಂಡ ಹೋದ ಮೇಲೆ ರವಿಕೆ ಹೊಲಿದು ಜೀವನ ಮಾಡುತ್ತಿದ್ದಳು. ಎರಡು ಕೋಣೆ, ಒಂದು ಜಗಲಿ, ಆ ಜಗಲಿಯಲ್ಲೇ ಹೊಲಿಗೆ ಮಿಷನ್ನು. ಇಪ್ಪತ್ತೆರಡು ವರ್ಷದ ಬಾಡಿಗೆ ಮನೆ. ಮಾಲೀಕರು ಅವಳಿಗೆ ನಾಲ್ಕನೇ ಕ್ಲಾಸಿನ ತನಕ ಪಾಠ ಹೇಳಿದ್ದ ಮೇಷ್ಟ್ರು. ಬಾಡಿಗೆ ಕೊಡಲು ಹೋದಾಗಲೂ ಅವರ ಮುಂದೆ ಕೂರುತ್ತಿರಲಿಲ್ಲ ಇವಳು, ರಸೀದಿ ಕೇಳುವುದು ದೂರದ ಮಾತು. ಅವಳ ಗಿರಾಕಿಗಳೆಲ್ಲ ಆ ಬೀದಿಯವರೇ. ಆ ಜಗಲಿ ಬಿಟ್ಟರೆ ಅವಳಿಗೆ ಅನ್ನವಿರಲಿಲ್ಲ.

ಭಾನುವಾರಗಳಲ್ಲಿ ನಾನು ಒಂದೊಂದೇ ಸಾಲು ಓದುತ್ತಿದ್ದೆ, ಅವಳು ಗುಂಡಿ ಹೊಲಿಯುತ್ತ ಕೇಳುತ್ತಿದ್ದಳು. ಅರ್ಥವಾಗದ ಕಡೆ "ಅಂದ್ರೆ?" ಅನ್ನಬೇಕು, ಅಷ್ಟೇ ಅವಳ ಕೆಲಸ. "ದಾಖಲಾತಿ." "ಅಂದ್ರೆ?" ಹೊಡೆದುಹಾಕಿ ಬರೆದೆ: ಕರೆಂಟು ಬಿಲ್ಲು, ರೇಷನ್ ಕಾರ್ಡು, ಆ ಮನೆ ವಿಳಾಸಕ್ಕೆ ಬಂದ ಯಾವುದೇ ಕಾಗದ. "ಖುದ್ದು." "ಅಂದ್ರೆ?" ನೀವೇ ಹೋಗಬೇಕು, ಭಾವಮೈದುನನನ್ನು ಕಳಿಸಬಾರದು. ಹೊರಗೆ ನಿಲ್ಲಬೇಡಿ, ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಕೊಳ್ಳಿ, ಯಾರೂ ಬೈಯುವುದಿಲ್ಲ. ಅಮೀನ ಬಂದರೆ ಕಾಗದ ಈಸಿಕೊಳ್ಳಿ, ಈಸಿಕೊಂಡರೆ ಮನೆ ಹೋಗುವುದಿಲ್ಲ, ಬಿಟ್ಟರೆ ಹೋಗುತ್ತದೆ. ವಕೀಲರಿಗೆ ಕೊಡಲು ಕೈಲಾಗದವರು ಸರ್ಕಾರದಿಂದ ಪುಕ್ಕಟೆ ವಕೀಲರನ್ನು ಕೇಳಬಹುದು; ಎಲ್ಲಿ ಹೋಗಿ ಕೇಳಬೇಕು, ಏನಂತ ಕೇಳಬೇಕು, ಅದನ್ನೂ ಬರೆದೆ. ಲಗ್ನಪತ್ರಿಕೆಯ ಪ್ರೆಸ್ಸಿನಲ್ಲಿ ಮಿಕ್ಕಿದ್ದ ಗುಲಾಬಿ ಕಾಗದ ತಂದು ಅಚ್ಚು ಹಾಕಿಸಿದೆ. ಮೇಲುಗಡೆ ವಾಯಿದೆ ತಾರೀಖು ಬರೆದುಕೊಳ್ಳಲು ಒಂದು ದೊಡ್ಡ ಚೌಕ, ಮೊಳೆಗೆ ನೇತುಹಾಕಲು ದಾರ. ಆ ದಾರ ಚಿಕ್ಕಮ್ಮನ ಯೋಚನೆ.

ವಕೀಲರು ನೋಡಿ ನಕ್ಕರು. "ಇದೇನಮ್ಮ, ಮದುವೆಗೆ ಕರೆದ ಹಾಗಿದೆ" ಅಂದರು. ಆದರೆ ಜನ ಈಸಿಕೊಂಡರು. ಅರಕಲಗೂಡಿನ ಆ ಸಾಲುಮನೆಯವರೂ ಈಸಿಕೊಂಡರು. ನನಗೆ ಒಂದಿಷ್ಟು ಜಂಬವೂ ಬಂತು ಅನ್ನಿ.

ಮಳೆಗಾಲ ಮುಗಿಯುವ ಹೊತ್ತಿಗೆ ಚಿಕ್ಕಮ್ಮನ ಪಕ್ಕದ ಮನೆಯವರಿಂದ ನಾನು ಕೂರುವ ಜಾಗದ ಪಕ್ಕದ ಅಂಗಡಿಯ ಫೋನಿಗೆ ಸುದ್ದಿ ಬಂತು, ಮನೆ ಖಾಲಿ ಮಾಡಬೇಕು ಅಂತ ಕೋರ್ಟಿನಿಂದ ಆರ್ಡರ್ ಆಗಿದೆಯಂತೆ. ನಾನು ನಂಬಲಿಲ್ಲ. ಹೋಗಿ ನೋಡಿದರೆ ಹೌದು. ಮೇಷ್ಟ್ರು ಅರ್ಜಿ ಹಾಕಿದ್ದರು, ಸ್ವಂತ ವಾಸಕ್ಕೆ. ಚಿಕ್ಕಮ್ಮ ನನಗೆ ಒಂದು ಮಾತು ಹೇಳಿರಲಿಲ್ಲ. ವಾಯಿದೆಗೆ ಹೋಗಿರಲಿಲ್ಲ, ಕೋರ್ಟು ಇವಳಿಲ್ಲದೆಯೇ ತೀರ್ಮಾನ ಕೊಟ್ಟಿತ್ತು. ಮಿಷನ್ನಿನ ಪಕ್ಕದ ಮೊಳೆಯಲ್ಲಿ ಗುಲಾಬಿ ಹಾಳೆ ನೇತಾಡುತ್ತಿತ್ತು. ಚೌಕದೊಳಗೆ ಅವಳದೇ ಅಕ್ಷರದಲ್ಲಿ, ಸರಿಯಾದ ತಾರೀಖು.

"ಬರೆದುಕೊಂಡಿದ್ದೀಯ. ಮತ್ತೆ ಹೋಗಲಿಲ್ಲ ಯಾಕೆ?"

"ಮೇಷ್ಟ್ರೇ ಬಂದು ಯೋಳುದ್ರು ಕಣವ್ವ. ಮಗನ ಸಮಾಧಾನಕ್ಕೆ ಕೇಸ್ ಆಕಿವ್ನಿ, ನೀನ್ ಬರ್ಬ್ಯಾಡ, ಎಣ್‌ಮಗ್ಳು ಕೋರ್ಟ್ ಮೆಟ್ಲತ್ತುದ್ರೆ ನಂಗೇ ಅವಮಾನ, ನಾನೇ ವಾಪ್ಸು ತಗತೀನಿ ಅಂದ್ರು."

"ನೀನು ನಂಬಿದೆಯ?"

"ಮೇಷ್ಟ್ರು ಅಂದ್ಮ್ಯಾಲೆ ನಂಬ್ದೆ ಇರಕ್ಕಾಯ್ತದಾ?"

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವಳನ್ನು ಮನೆಯಿಂದ ತೆಗೆದಿದ್ದರು ಆ ಮನುಷ್ಯ. ಕೂಗಾಡಿರಲಿಲ್ಲ, ಪಾತ್ರೆ ಹೊರಗೆ ಎಸೆದಿರಲಿಲ್ಲ. ಜಗಲಿಯ ಮೇಲೆ ಕೂತು, ಇವಳು ಕೊಟ್ಟ ಕಾಫಿ ಕುಡಿದು, ಮರ್ಯಾದೆಯ ಮಾತಾಡಿ ಹೋಗಿದ್ದರು. ಕರೆಂಟು ಬಿಲ್ಲಿನ ತನಕ ಎಲ್ಲವನ್ನೂ ಹಾಳೆಯಲ್ಲಿ ಬರೆದಿದ್ದೆನಲ್ಲ, ಮಾಲೀಕರೇ ಬರಬೇಡ ಅಂದರೆ ಏನು ಮಾಡಬೇಕು ಅಂತ ಬರೆದಿರಲಿಲ್ಲ. ನನಗೆ ಹೊಳೆದೇ ಇರಲಿಲ್ಲ. ಅವಳಿಗೂ ಅದೊಂದು ಪ್ರಶ್ನೆ ಅನ್ನಿಸಿರಲಿಲ್ಲ, ಅದಕ್ಕೇ "ಅಂದ್ರೆ?" ಅಂದಿರಲಿಲ್ಲ.

ಇಂಥ ತೀರ್ಮಾನವನ್ನು ರದ್ದು ಮಾಡಿ ಅಂತ ಮೂವತ್ತು ದಿನದೊಳಗೆ ಕೇಳಿಕೊಳ್ಳಬಹುದು. ಬಾರದೆ ಇದ್ದದ್ದಕ್ಕೆ ಸರಿಯಾದ ಕಾರಣ ಇರಬೇಕು. ಕಾರಣ ಇತ್ತಲ್ಲ. ನಮ್ಮ ಹಿರಿಯ ವಕೀಲರೇ ಕಾಸು ಕೇಳದೆ ಒಪ್ಪಿಕೊಂಡರು. ಪ್ರಮಾಣಪತ್ರ ನಾನೇ ಟೈಪ್ ಮಾಡಿದೆ: ಮಾಲೀಕರು ಬರಬೇಡವೆಂದು ಮನೆಗೆ ಬಂದು ಹೇಳಿದ್ದರಿಂದ ಹಾಜರಾಗಲಿಲ್ಲ. ಚಿಕ್ಕಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅವಳು ಏನೂ ಅನ್ನದೆ ರುಜು ಹಾಕಿದಳು. ಏನೂ ಅನ್ನಲಿಲ್ಲ ಅನ್ನುವುದನ್ನು ನಾನು ಗಮನಿಸಬೇಕಿತ್ತು.

ವಿಚಾರಣೆಯ ದಿನ ಮೇಷ್ಟ್ರು ಮುಂದಿನ ಬೆಂಚಿನಲ್ಲಿ ಕೂತಿದ್ದರು, ಬಿಳೀ ಪಂಚೆ, ಕೈಯಲ್ಲಿ ಕೊಡೆ. ಚಿಕ್ಕಮ್ಮ ಕಟಕಟೆ ಹತ್ತುವ ಮುಂಚೆ ಅವರ ಕಡೆ ತಿರುಗಿ ಕೈ ಮುಗಿದಳು. ಮೇಷ್ಟ್ರ ಕಡೆಯ ವಕೀಲರು ಒಂದೇ ಪ್ರಶ್ನೆ ಕೇಳಿದರು.

"ನೋಡಮ್ಮ, ಇವರು ನಿನಗೆ ವಿದ್ಯೆ ಕಲಿಸಿದ ಗುರುಗಳು. ಕೋರ್ಟಿಗೆ ಬರಬೇಡ ಅಂತ ಇವರು ನಿನಗೆ ಸುಳ್ಳು ಹೇಳಿ ಮೋಸ ಮಾಡಿದರಾ?"

ಚಿಕ್ಕಮ್ಮ ಸೆರಗು ಹೊದ್ದುಕೊಂಡಳು. ಜಡ್ಜ್ ಸಾಹೇಬರು, "ಹೇಳಮ್ಮ, ಹೆದರಬೇಡ" ಅಂದರು.

"ಇಲ್ಲ ಸ್ವಾಮಿ," ಅಂದಳು. "ಅವ್ರೇನೂ ಯೋಳಿಲ್ಲ. ನಾನೇ ಮರ್ತ್‌ಬುಟ್ಟೆ."

ನಾನು ಮೇಷ್ಟ್ರನ್ನೇ ನೋಡುತ್ತಿದ್ದೆ. ಎದ್ದು ನಿಂತು ಒಂದು ಮಾತು ಆಡಬಹುದಿತ್ತು. ಮೇಷ್ಟ್ರ ಮಾನ ಉಳಿಸಲು ಒಬ್ಬ ವಿಧವೆ ತನ್ನ ಮನೆ ಬಿಟ್ಟುಕೊಡುತ್ತಿದ್ದಾಳೆ ಅಂತ ಆ ಕೋಣೆಯಲ್ಲಿ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ನಮ್ಮ ಅರ್ಜಿ ವಜಾ ಆಯಿತು. ಹೊರಗೆ ಬಂದಾಗ ಅವರು ಚಿಕ್ಕಮ್ಮನ ತಲೆ ಮೇಲೆ ಕೈಯಿಟ್ಟು, "ಒಳ್ಳೇದಾಗಲಿ" ಅಂದರು. ಆ ಕೈಯನ್ನು ಕಿತ್ತು ಪಕ್ಕಕ್ಕೆ ಎಸೆಯಬೇಕು ಅನ್ನಿಸಿತು ನನಗೆ. ಇವತ್ತಿಗೂ ಹಾಗೇ ಅನ್ನಿಸುತ್ತದೆ, ವಯಸ್ಸಾಯಿತು ಅಂತ ಅದೇನೂ ಕಮ್ಮಿಯಾಗಿಲ್ಲ.

ಚಿಕ್ಕಮ್ಮ ಚನ್ನರಾಯಪಟ್ಟಣದಲ್ಲಿ ಒಂದು ಗ್ಯಾರೇಜಿನ ಹಿಂದಿನ ಕೋಣೆ ಹಿಡಿದಳು. ಜಗಲಿ ಇಲ್ಲ, ಗುರುತಿನವರಿಲ್ಲ, ಡಬ್ಬಿಯಲ್ಲಿಟ್ಟ ದಾರದುಂಡೆಗಳಿಗೂ ಗ್ರೀಸಿನ ವಾಸನೆ. ಹರಿದ ಪ್ಯಾಂಟು ಹೊಲಿದುಕೊಟ್ಟು ದಿನ ದೂಡುತ್ತಿದ್ದಳು. ಹೊಳೇನರಸೀಪುರದ ಆ ಮನೆಯಲ್ಲಿ ಸ್ವಂತ ವಾಸಕ್ಕೆ ಯಾರೂ ಬರಲಿಲ್ಲ. ಕೆಡವಿ, ಎರಡು ಅಂಗಡಿ ಕಟ್ಟಿ ಬಾಡಿಗೆಗೆ ಕೊಟ್ಟರು.

ನಾನು ಹಾಳೆಯನ್ನು ಮತ್ತೆ ಅಚ್ಚು ಹಾಕಿಸಲು ಹೊರಟೆ. ಚೌಕದ ಕೆಳಗೆ ಒಂದೇ ಒಂದು ಹೊಸ ಸಾಲು: ಮಾಲೀಕರು ಎಷ್ಟೇ ದೊಡ್ಡವರಾಗಿರಲಿ, ನಿಮಗೆ ಬೇಕಾದವರಾಗಿರಲಿ, ನೀವು ಕೋರ್ಟಿಗೆ ಬರಬೇಡಿ ಅಂದರೆ ವಾಯಿದೆಯ ದಿನ ತಪ್ಪದೆ ಹೋಗಿ. ವಕೀಲರು ತಲೆ ಕೆರೆದುಕೊಂಡರು. "ಮಾಲೀಕರೆಲ್ಲ ಮೋಸಗಾರರು ಅಂದ ಹಾಗಾಗುತ್ತಲ್ಲಮ್ಮ, ಸ್ವಲ್ಪ ನಯ ಮಾಡು" ಅಂದರು. ನಯವೇ ಇಷ್ಟಕ್ಕೆಲ್ಲ ಕಾರಣ ಸಾರ್ ಅಂದೆ.

ಹಳೆಯ ಅಭ್ಯಾಸದಂತೆ ಕರಡನ್ನು ಚಿಕ್ಕಮ್ಮನ ಹತ್ತಿರ ಒಯ್ದು ಓದಿದೆ. ಆ ಸಾಲಿಗೆ ಬಂದಾಗ ಅವಳು ಮಿಷನ್ನು ನಿಲ್ಲಿಸಿದಳು. ಈ ಸಲ "ಅಂದ್ರೆ?" ಅನ್ನಲಿಲ್ಲ.

"ಈ ಸಾಲ್ ತೆಗ್ದಾಕವ್ವ."

"ಯಾಕೆ?"

"ಮೇಷ್ಟ್ರು ಕಣ್ಗೆ ಬಿದ್ರೆ ನೊಂದ್ಕತಾರೆ. ಇಷ್ಟ್ ವಯಸ್ಸಾದ್ಮ್ಯಾಲೆ ಯಾಕ್ ನೋಯಿಸ್‌ಬೇಕು?"

ನಾನು ಅವಳ ಮೇಲೆ ಯಾವತ್ತೂ ದನಿ ಎತ್ತಿದವಳಲ್ಲ. ಅವತ್ತು ಗ್ಯಾರೇಜಿನವರು ಕೆಲಸ ಬಿಟ್ಟು ತಿರುಗಿ ನೋಡುವ ಹಾಗೆ ಕಿರುಚಾಡಿದೆ. ನಿನಗೆ ನೋವಾಗಿದ್ದು ನೋವಲ್ಲವಾ ಅಂದೆ. ಇನ್ನೂ ಏನೇನೋ ಅಂದೆ, ಅನ್ನಬಾರದ್ದನ್ನೂ ಅಂದೆ. ಅವಳು ತಲೆ ಬಗ್ಗಿಸಿಕೊಂಡು ಸೂಜಿಗೆ ದಾರ ಪೋಣಿಸಲು ನೋಡುತ್ತಿದ್ದಳು, ಪೋಣಿಸಲು ಆಗುತ್ತಿರಲಿಲ್ಲ.

ಸಾಲು ತೆಗೆಯಲಿಲ್ಲ. ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಆ ಹಾಳೆ ಹಿಡಿದು ಕೋರ್ಟಿನ ಒಳಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತವರನ್ನು ಆಮೇಲೆ ಎಷ್ಟೋ ಸಲ ನೋಡಿದ್ದೇನೆ. ಚಿಕ್ಕಮ್ಮ ಮಾತ್ರ ಸಾಯುವ ತನಕ ನನ್ನ ಜೊತೆ ಮಾತಾಡಲಿಲ್ಲ. ಸಂಕ್ರಾಂತಿ ಬಂದರೆ ಅವಳು ಚನ್ನರಾಯಪಟ್ಟಣದಲ್ಲಿ ಬಸ್ಸು ಹತ್ತಿ ಹೊಳೇನರಸೀಪುರಕ್ಕೆ ಹೋಗುತ್ತಿದ್ದಳು, ಮೇಷ್ಟ್ರ ಮನೆಗೆ ಎಳ್ಳು ಕೊಟ್ಟು, ಕಾಲಿಗೆ ಬಿದ್ದು ಬರುತ್ತಿದ್ದಳು.