ಹಳೇ ಹೆಸರು ಕೇಳುವ ವಾರ್ಸಿನಿ

ಬೆಳಗಿನ ಜಾವ ಐದೂವರೆ. ಸುಂಬರ್‌ವಂಗಿ ಶಾಲೆಯ ಅಂಗಳದಲ್ಲಿ ವಾರ್ಸಿನಿ ಫೋನಿನ ಮೇಲೆ ಕೂತ ಬೂದಿಯನ್ನು ತಲೆವಸ್ತ್ರದ ತುದಿಯಿಂದ ಒರೆಸುತ್ತಾರೆ. ಊರ ಮೇಲಿನ ಜ್ವಾಲಾಮುಖಿ ಬೆಟ್ಟ ಬೂದಿ ಉಗುಳಲು ಶುರುಮಾಡಿ ಮೂರು ದಿನ. ಕೆಳಗಿಳಿದು ಬಂದ ರೋಗಿಗಳ ಮಣಿಕಟ್ಟಿಗೆ ಪಟ್ಟಿ ಕಟ್ಟಿ, ಅದರ ಗುರುತನ್ನು ಫೋನಿಗೆ ತೋರಿಸಿ, ಯಾರು ಯಾವ ಆಸ್ಪತ್ರೆಗೆ ಹೋದರೆಂದು ದಾಖಲಿಸುವುದು ಅವರ ಕೆಲಸ. ನಿನ್ನೆ ಒಂದೇ ದಿನ ಇನ್ನೂರ ಹದಿನಾರು ಮಂದಿ.

ಹತ್ತೊಂಬತ್ತು ವರ್ಷ ಊರಿನ ಕೂಸುಗಳನ್ನು ತೂಗಿ ಪುಸ್ತಕದಲ್ಲಿ ಬರೆದ ಕೈ ಅದು. ಐವತ್ತೆರಡರ ವಯಸ್ಸಿನಲ್ಲಿ ಆರೋಗ್ಯ ಕಚೇರಿಯವರು ಫೋನ್ ಕೊಟ್ಟಾಗ ಎಲ್ಲಿ ಒತ್ತಬೇಕೆಂದೇ ತಿಳಿದಿರಲಿಲ್ಲವಂತೆ. "ಮೊದಲ್ನೇ ದಿನ ಒಬ್ಬ ಗಂಡಸನ್ನ ಗರ್ಭಿಣಿ ಅಂತ ಒತ್ಬಿಟ್ಟಿದ್ದೆ. ಆಸ್ಪತ್ರೆಯೋರು ಹೆರಿಗೆ ಮಂಚ ರೆಡಿ ಮಾಡ್ಕೊಂಡ್ ಕಾಯ್ತಿದ್ರು!"

ಅಷ್ಟರಲ್ಲಿ ಮುರ್ನಿ ಓಡಿ ಬರುತ್ತಾಳೆ. ಅವಳಿಗೆ ಪೇಟೆಯ ತಂಬಾಕು ಕಾರ್ಖಾನೆಯಲ್ಲಿ ಕೆಲಸ. ಆರು ವರ್ಷದ ಮಗಳು ಕಿನಾಸಿ ಬೆಟ್ಟದಲ್ಲಿ ಅಜ್ಜಿಯ, ಅಂದರೆ ಮುರ್ನಿಯ ಅತ್ತೆಯ, ಜೊತೆ ಇದ್ದಳು. ಉಬ್ಬಸ ಬಂದ ಮಗುವನ್ನೂ ಅಜ್ಜಿಯನ್ನೂ ಆಂಬುಲೆನ್ಸ್ ಒಯ್ದಿದೆ. ಅಜ್ಜಿಯ ಬಳಿ ಫೋನಿಲ್ಲ.

"ಮೂರು ಆಸ್ಪತ್ರೆ ಸುತ್ತಿದೆ, ಇಬು, ನನ್ನಮ್ಮಾ. ಎಲ್ರೂ ಕಂಪ್ಯೂಟರ್ ನೋಡಿ, ಆ ಹೆಸರಿನೋರು ಇಲ್ಲ ಅಂತಾರೆ. ನನ್ ಮಗು ಬದುಕಿದೆಯೋ ಇಲ್ವೋ?"

ಕಿನಾಸಿ ಎಂದು ಹಾಕಿದರೆ ವಾರ್ಸಿನಿಯ ಫೋನೂ ಇಲ್ಲ ಎನ್ನುತ್ತದೆ. ಅವರು ಅದನ್ನು ಕೆಳಗಿಡುತ್ತಾರೆ.

"ಹುಡುಗಿಗೆ ಪದೇ ಪದೇ ಹುಷಾರು ತಪ್ಪುತ್ತಾ?"

"ಹೂಂ."

"ನಿಮ್ಮತ್ತೆ ಕೆಂಪು-ಬಿಳಿ ಗಂಜಿ ಏನಾದ್ರೂ ಕಾಯ್ಸಿದ್ರಾ?"

ಮುರ್ನಿ ಹಣೆ ಚಚ್ಚಿಕೊಳ್ಳುತ್ತಾಳೆ. ಹೆಸರು ಭಾರವಾದರೆ ಮಗು ಸೊರಗುತ್ತದೆ, ಕೆಂಪು-ಬಿಳಿ ಗಂಜಿ ಹಂಚಿ ಹಗುರವಾದ ಹೊಸ ಹೆಸರಿಡಬೇಕು ಎನ್ನುವುದು ಇಲ್ಲಿನ ಅಜ್ಜಿಯರ ನಂಬಿಕೆ. "ಹೋದ್ ವಾರ ಹೆಸರು ಬದ್ಲಾಯಿಸ್ತೀನಿ ಅಂದಿದ್ರು. ನಾನೇ ರೇಗಿದ್ದೆ."

ವಾರ್ಸಿನಿ ಹೆಸರು ಬಿಟ್ಟು ಊರು, ವಯಸ್ಸು ಹಾಕಿ ಹುಡುಕುತ್ತಾರೆ. ಅಜ್ಜಿ ಬರೆಸಿದ ಹೊಸ ಹೆಸರು ಸಿಗುತ್ತದೆ: ರಹಾಯು, ಆರು ವರ್ಷ, ಜೊತೆಗೆ ಅಜ್ಜಿ, ಜಿಲ್ಲಾಸ್ಪತ್ರೆ, ಹಾಸಿಗೆ ಹನ್ನೊಂದು. ಆಮ್ಲಜನಕ ತೆಗೆದಿದ್ದಾರೆ, ಉಸಿರಾಟ ಸರಿಯಿದೆ. ಮುರ್ನಿಯನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದ ಆಸ್ಪತ್ರೆ ಅದೇ! ಅವಳು ಬಿಕ್ಕಿ ಬಿಕ್ಕಿ ಅಳುತ್ತಾಳೆ.

"ಅಳೋದು ಆಮೇಲೆ, ಮೊದ್ಲು ಹೊರಡು ತಾಯಿ. ಅತ್ತೆಗೆ ಬೈಬೇಡ. ಮನೆಗೆ ಬರೋವರ್ಗೂ ಮಗೂನ ಹೊಸ ಹೆಸರಲ್ಲೇ ಕರಿ, ಆಸ್ಪತ್ರೆಲಿ ಅದೇ ಬರ್ದಿರೋದು."

ಮುರ್ನಿ ಹೋದ ಮೇಲೆ ವಾರ್ಸಿನಿ ಮುಂದಿನ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಾರೆ. ಅವರದು ಒಂದೇ ಬೇಡಿಕೆ. "ಫೋನಲ್ಲಿ ಹಳೇ ಹೆಸರಿಗೂ ಒಂದ್ ಖಾನೆ ಕೊಡಿ ಅಂತ ಕಚೇರಿಗೆ ಬರ್ದಿದೀನಿ. ಕೊಡ್ತಾರೆ, ಒಳ್ಳೇ ಹುಡುಗ್ರು. ಕೊಡೋವರ್ಗೂ ನಾನಿದ್ದೀನಲ್ಲ. ಫೋನು ಇಲ್ಲ ಅಂತು ಅಂತ ಯಾವ ತಾಯಿಗೂ ನಾನು ಇಲ್ಲ ಅಂದಿಲ್ಲ."